ಘಟಸರ್ಪದ ಸವಾರರು

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ನನ್ನ ಅಕ್ಕನ ಮಗನನ್ನು ಕರೆದೊಯ್ದಿದ್ದೆ. ಫಾಲ್ಗುಣದ ಆ ರಾತ್ರಿ ಬೀದಿಯಲ್ಲಿ ಕಾಲಿಡಲು ಎಡೆಯಿರಲಿಲ್ಲ. ಎಂಟು ವರ್ಷದ ಹುಡುಗ; ಜನರ ನಡುವೆ ಏನೂ ಕಾಣದೆಂದು ಹೆಗಲ ಮೇಲೆ ಕೂರಿಸಿಕೊಂಡೆ. ವೈರಮುಡಿಯನ್ನು ಧರಿಸಿದ ಚೆಲುವನಾರಾಯಣಸ್ವಾಮಿ ಗರುಡವಾಹನನಾಗಿ ಬಂದಾಗ ಹುಡುಗ ಸಂತೋಷದಿಂದ ಹಿಮ್ಮಡಿಗಳಿಂದ ನನ್ನ ಎದೆಯನ್ನು ಗುದ್ದತೊಡಗಿದ. ಸ್ವಲ್ಪ ಹೊತ್ತಿನ ಮೇಲೆ ಬಗ್ಗಿ ಕೇಳಿದ: "ಮಾವ, ಇಲ್ಲಿ ದೇವ್ರೇ ಎಲ್ಲಾದ್ರ ಮೇಲೂ ಕೂತ್ಕತಾನೆ. ನಮ್ಮಂಥ ಹೈಕ್ಳು ಯಾಕೆ ಕೂರಾಕಿಲ್ಲ? ಆ ಸಿನಿಮಾದಲ್ಲಿ ಹುಡ್ಗನೇ ಕೂರ್ತಾನೆ."

ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಆಗ ಉತ್ತರ ಹೊಳೆಯಲಿಲ್ಲ. ಆಮೇಲೆ ಯೋಚಿಸಿ ಕಂಡುಕೊಂಡದ್ದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಅವನು ಹೇಳಿದ ಸಿನಿಮಾ 2010ರಲ್ಲಿ ತೆರೆಕಂಡ 'ಹೌ ಟು ಟ್ರೇನ್ ಯುವರ್ ಡ್ರ್ಯಾಗನ್'. 2003ರಲ್ಲಿ ಕ್ರೆಸಿಡಾ ಕೋವೆಲ್ ಎಂಬ ಲೇಖಕಿ ಬರೆದ ಮಕ್ಕಳ ಕಥೆ ಅದಕ್ಕೆ ಆಧಾರ. ಡ್ರ್ಯಾಗನ್ ಎಂದರೆ ರೆಕ್ಕೆಯುಳ್ಳ, ಬೆಂಕಿಯುಗುಳುವ ಘಟಸರ್ಪ. ಪಾಶ್ಚಾತ್ಯರ ಹಳೆಯ ಕಥೆಗಳಲ್ಲಿ ಅದು ನಿಧಿಯನ್ನು ಕಾಯುವ ಕ್ರೂರಪ್ರಾಣಿ. ಅದನ್ನು ಕೊಂದವನೇ ವೀರ. ಚೀನೀಯರಿಗಾದರೋ ಅದು ಮಳೆ ತರುವ ಮಂಗಳಜೀವಿ. ಇಂಗ್ಲಿಷ್ ಬರೆಹಗಾರರ ಮನಸ್ಸು ಮೆಲ್ಲಗೆ ಬದಲಾಯಿತು. 1898ರಲ್ಲಿಯೇ ಕೆನೆತ್ ಗ್ರಹಾಮ್ ಜಗಳವನ್ನೊಲ್ಲದ ಒಂದು ಸಾಧು ಡ್ರ್ಯಾಗನ್ನಿನ ಕಥೆ ಬರೆದನು. ಅದರ ಸ್ನೇಹಿತ ಒಬ್ಬ ಹುಡುಗ. 1968ರಲ್ಲಿ ಆನ್ ಮೆಕ್ಯಾಫ್ರಿ ಬರೆದ 'ಡ್ರ್ಯಾಗನ್‌ಫ್ಲೈಟ್' ಎಂಬ ಕಾದಂಬರಿಯಲ್ಲಿ ಮೊಟ್ಟೆಯೊಡೆದು ಬಂದ ಮರಿಯೇ ತನ್ನ ಸವಾರನನ್ನು ಆರಿಸಿಕೊಳ್ಳುತ್ತದೆ. ಕ್ರಿಸ್ಟೋಫರ್ ಪಾವೊಲಿನಿ ತನ್ನ 15ನೆಯ ವಯಸ್ಸಿನಲ್ಲಿ ಬರೆಯತೊಡಗಿದ 'ಎರಗಾನ್' ಕಥೆಯಲ್ಲಿ ನಾಯಕನೂ ಹದಿನೈದರ ಹಳ್ಳಿಯ ಹುಡುಗನೇ.

ಹೀಗೆ ಕೊಲ್ಲುವ ವೀರನ ಸ್ಥಾನಕ್ಕೆ ಏರುವ ಬಾಲಕ ಬಂದನು. ಆದರೆ ಈ ಏರಿಕೆ ಪುಕ್ಕಟೆಯದಲ್ಲ. ಸಿನಿಮಾದ ಹುಡುಗನ ಆಯುಧ ತಗಲಿಯೇ ಡ್ರ್ಯಾಗನ್ನಿನ ಬಾಲದ ಒಂದು ಭಾಗ ಹೋಗಿ, ಅದು ಹಾರಲಾರದಾಗುತ್ತದೆ. ಹುಡುಗ ತಾನೇ ಒಂದು ಕೃತಕ ಬಾಲವನ್ನು ಮಾಡಿ ಜೋಡಿಸುತ್ತಾನೆ. ಅದನ್ನು ಆಡಿಸಲು ಅವನೇ ಬೆನ್ನಮೇಲಿರಬೇಕು. ಅವನಿಲ್ಲದೆ ಅದು ಹಾರದು, ಅದಿಲ್ಲದೆ ಅವನು ಹಾರಲಾರ. ತಪ್ಪು ಮಾಡಿದವನು ಅದನ್ನು ಸರಿಪಡಿಸಿಯೇ ಸವಾರನಾಗುತ್ತಾನೆ.

ಈಗ ನಮ್ಮ ಕಡೆಗೆ ಬರೋಣ. ವಿಚಿತ್ರ ಪ್ರಾಣಿಗಳಿಗೆ ನಮ್ಮಲ್ಲಿ ಬಡತನವುಂಟೆ? ಕೃಷ್ಣರಾಜಪೇಟೆಯ ಪಕ್ಕದ ಹೊಸಹೊಳಲಿನಲ್ಲಿ 13ನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯವಿದೆ. ಅದರ ಹೊರಗೋಡೆಯ ತಳಭಾಗದಲ್ಲಿ ಆನೆ, ಕುದುರೆ, ಬಳ್ಳಿ, ಪುರಾಣಕಥೆ, ಮಕರ, ಹಂಸ ಎಂದು ಪಟ್ಟಿಕೆಗಳು ಒಂದರ ಮೇಲೊಂದು ಸಾಗುತ್ತವೆ. ಹೊಯ್ಸಳರ ಮಕರಕ್ಕೆ ಆನೆಯ ಸೊಂಡಿಲು, ಮೊಸಳೆಯ ಬಾಯಿ, ಸಿಂಹದ ಕಾಲು, ನವಿಲಿನ ಬಾಲ. ಡ್ರ್ಯಾಗನ್ನಿನ ದಾಯಾದಿಯೆಂದರೆ ತಪ್ಪಾಗದು. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಬಸದಿಯ ಒಳಮಾಳಿಗೆಯಲ್ಲಿ ಅಷ್ಟದಿಕ್ಪಾಲಕರಿದ್ದಾರೆ. ಆ ಎಂಟು ಮಂದಿಯಲ್ಲಿ ವರುಣನಿಗೆ ಈ ಮಕರವೇ ವಾಹನ. ಶ್ರೀರಂಗಪಟ್ಟಣದಲ್ಲಂತೂ ರಂಗನಾಥನು ಮಹಾಸರ್ಪವಾದ ಆದಿಶೇಷನ ಮೇಲೆ ಮಲಗಿಯೇ ಇದ್ದಾನೆ. ಹುಡುಗನ ಮಾತು ನಿಜ: ಪ್ರಾಣಿಗಳೆಲ್ಲ ಇವೆ, ಏರಿದವರೆಲ್ಲ ದೇವರು.

ಆದರೆ ಏರುವ ಧರ್ಮವನ್ನು ನಮ್ಮ ಹಿರಿಯರು ಎಂದೋ ಚಿಂತಿಸಿದ್ದರು. ಮಹಾಭಾರತದ ಆದಿಪರ್ವವನ್ನು ನೋಡಿ. ತಾಯಿಯಾದ ವಿನತೆಯನ್ನು ದಾಸ್ಯದಿಂದ ಬಿಡಿಸಲು ಗರುಡನು ಅಮೃತವನ್ನು ತರುತ್ತಾನೆ, ತಾನು ಮಾತ್ರ ಒಂದು ತೊಟ್ಟನ್ನೂ ಕುಡಿಯುವುದಿಲ್ಲ. ಅವನ ನಿರ್ಲೋಭಕ್ಕೆ ಮೆಚ್ಚಿದ ವಿಷ್ಣು ವರ ಕೊಡಲು ಬಂದಾಗ, ನಾನು ನಿನಗಿಂತ ಮೇಲಿರಬೇಕು, ಅಮೃತವಿಲ್ಲದೆಯೇ ಅಮರನಾಗಬೇಕು ಎಂದು ಗರುಡನು ಕೇಳುತ್ತಾನೆ. ಬಳಿಕ ತಾನೂ ವಿಷ್ಣುವಿಗೆ ಒಂದು ವರ ಕೊಡುತ್ತೇನೆನ್ನುತ್ತಾನೆ! ವಿಷ್ಣುವು ನೀನು ನನ್ನ ವಾಹನವಾಗು ಎಂದು ಬೇಡುತ್ತಾನೆ. ಗರುಡನ ಮಾತೂ ಉಳಿಯಲೆಂದು ಅವನಿಗೆ ಧ್ವಜದ ಮೇಲೆ ಸ್ಥಾನ ದೊರೆಯುತ್ತದೆ. ಇದು ಆಳು ಒಡೆಯರ ಸಂಬಂಧವಲ್ಲ; ಇಬ್ಬರು ಸಮರು ಮಾಡಿಕೊಂಡ ಒಪ್ಪಂದ.

ಇದಕ್ಕೆ ವಿರುದ್ಧವಾದುದು ನಹುಷನ ಕಥೆ. ಇಂದ್ರಪದವಿಗೇರಿದ ಅವನು ಪಲ್ಲಕ್ಕಿಯನ್ನು ಋಷಿಗಳಿಂದ ಹೊರಿಸಿ, ಬೇಗ ನಡೆಯಿರೆಂದು ಅಗಸ್ತ್ಯರನ್ನು ಕಾಲಿನಿಂದ ಒದೆದನು. ಅವರ ಶಾಪದಿಂದ ತಾನೇ ಹೆಬ್ಬಾವಾಗಿ ನೆಲಕ್ಕುರುಳಿದನು. ಹೊತ್ತವರನ್ನು ಒದ್ದ ಸವಾರನು ತಾನೇ ಹರಿದಾಡುವ ಸರ್ಪವಾಗುತ್ತಾನೆಂಬುದು ಎಷ್ಟು ಅರ್ಥವತ್ತಾಗಿದೆ!

ಇನ್ನು ಬಾಲಕನೇ ಬೇಕೆಂದರೆ ಕಾಳಿಯಮರ್ದನನಾದ ಕೃಷ್ಣನಿದ್ದಾನೆ. ಹೊಯ್ಸಳ ಶಿಲ್ಪಿಗಳಿಗೆ ಇದು ಪ್ರಿಯವಾದ ವಿಷಯ. ದನ ಕಾಯುವ ಹುಡುಗ ಘಟಸರ್ಪದ ಹೆಡೆಯನ್ನೇರಿ ಕುಣಿದನು, ಆದರೆ ಕೊಲ್ಲಲಿಲ್ಲ. ಸಮುದ್ರಕ್ಕೆ ಹೋಗಿ ಬಾಳೆಂದು ಕಳುಹಿಸಿದನು; ಹೆಡೆಯ ಮೇಲಿನ ತನ್ನ ಹೆಜ್ಜೆಗುರುತೇ ಗರುಡನ ಭಯದಿಂದ ಅದನ್ನು ಕಾಯುವಂತೆ ಮಾಡಿದನು.

ಆದರೂ ಕೃಷ್ಣನು ದೇವರೇ, ಸಾಮಾನ್ಯ ಹುಡುಗನಲ್ಲ. ಅಂಜುವ, ತಪ್ಪುವ, ಕಲಿಯುವ ಮಗುವಿಗೆ ಸವಾರಿ ಕೊಟ್ಟದ್ದು ಹೊಸ ಕಥೆಗಳ ಹೆಚ್ಚಳ. ಅದನ್ನು ಒಪ್ಪಿಕೊಳ್ಳುವುದರಲ್ಲಿ ನಮಗೆ ನಾಚಿಕೆ ಬೇಡ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ 'ಇಂಗ್ಲಿಷ್ ಗೀತಗಳು' ಪ್ರಕಟಿಸಿ, ಪರರ ಕಾವ್ಯವನ್ನು ನಮ್ಮದಾಗಿಸಿಕೊಳ್ಳುವ ದಾರಿ ತೋರಿಸಲಿಲ್ಲವೆ? ಅದೇ ದಾರಿಯಲ್ಲಿ ಹೊಸಹೊಳಲಿನ ಮಕರವನ್ನೇರಿ ಹೇಮಾವತಿಯನ್ನು ದಾಟುವ ಹುಡುಗಿಯ ಕಥೆಯನ್ನು ನಮ್ಮಲ್ಲೊಬ್ಬರು ಏಕೆ ಬರೆಯಬಾರದು?

ಇದು ಕೇವಲ ವಿನೋದದ ಮಾತಲ್ಲ. ನನ್ನ ಅಳಿಯ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾನೆ. ಕನ್ನಡ ಪುಸ್ತಕವನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿ, ಅರ್ಧಕ್ಕೇ ಮಡಿಸುತ್ತಾನೆ. ಹಾರುವ ಕುದುರೆಯ ಕಥೆ ಹೇಳುತ್ತಿದ್ದ ನಮ್ಮಜ್ಜಿ ಈಗಿಲ್ಲ. ಅವಳ ಕಥೆಗಳನ್ನು ನಾನು ಬರೆದಿಟ್ಟುಕೊಳ್ಳಲೂ ಇಲ್ಲ. ತಾನು ಏರಬಲ್ಲ ಒಂದು ಪ್ರಾಣಿಯೂ ಕನ್ನಡದಲ್ಲಿ ಇಲ್ಲವೆಂದು ಮಗುವಿಗೆ ಅನ್ನಿಸಿದರೆ, ಅದು ಆ ಭಾಷೆಯಿಂದಲೇ ಇಳಿದುಹೋಗುತ್ತದೆ. ಆಮೇಲೆ ಅದನ್ನು ಮತ್ತೆ ಹತ್ತಿಸುವುದು ಸುಲಭವಲ್ಲ.

ಮೊನ್ನೆ ಅವನಿಗೆ ಗರುಡನ ಒಪ್ಪಂದವನ್ನೂ ನಹುಷನ ಗತಿಯನ್ನೂ ಹೇಳಿದೆ. ಎಲ್ಲವನ್ನೂ ಕೇಳಿ, ಕ್ಷಣಕಾಲ ಸುಮ್ಮನಿದ್ದು, "ಅವತ್ತು ನಾನೂ ಒದ್ದಿದ್ನಲ್ವಾ ಮಾವ?" ಎಂದ. ಹೌದೆಂದೆ. "ಹಂಗಾರೆ ಈ ಸಲ ಒದೆಯಾಕಿಲ್ಲ. ಹೊತ್ಕತೀಯಾ?" ಎಂದು ಕೇಳಿದ.

ಒಪ್ಪಿದ್ದೇನೆ. ಬರುವ ವೈರಮುಡಿಯೊಳಗೆ ಅವನಿಗಾಗಿ ಮಕರದ ಕಥೆಯೊಂದನ್ನು ಬರೆದು ಮುಗಿಸಬೇಕೆಂದೂ ನಿಶ್ಚಯಿಸಿದ್ದೇನೆ. ವಾಚಕಮಿತ್ರರು ತಮ್ಮ ತಮ್ಮ ಊರಿನ ಗುಡಿಯ ಗೋಡೆಯನ್ನೊಮ್ಮೆ ನೋಡಿ, ಒಂದೊಂದು ಕಥೆ ಬರೆದರೆ ನನ್ನ ಈ ಅಲ್ಪ ಪ್ರಯತ್ನ ಸಾರ್ಥಕವಾದೀತು.