ಅಂಚೆಚೀಟಿಗಳಲ್ಲಿ ಒಂದು ದ್ವೀಪ

ಇಂಗ್ಲಿಷ್ ಕಡಲ್ಗಾಲುವೆಯಲ್ಲಿ, ಫ್ರಾನ್ಸಿನ ತೀರಕ್ಕೆ ಸಮೀಪದಲ್ಲಿ, ಗರ್ನ್ಸಿ ಎಂಬ ಚಿಕ್ಕ ದ್ವೀಪವಿದೆ. ಅದರ ವಿಸ್ತೀರ್ಣ ಸುಮಾರು 65 ಚದರ ಕಿಲೋಮೀಟರು ಮಾತ್ರ. ಬ್ರಿಟನ್ನಿನ ರಾಜಪೀಠಕ್ಕೆ ಅದು ಅಧೀನವಾಗಿದ್ದರೂ ಬ್ರಿಟನ್ನಿನ ಭಾಗವಲ್ಲ. ತನ್ನ ಕಾನೂನು, ತೆರಿಗೆಗಳನ್ನು ತನ್ನ ಶಾಸನಸಭೆಯ ಮೂಲಕ ತಾನೇ ನಿರ್ಧರಿಸಿಕೊಳ್ಳುತ್ತದೆ. ಈ ಪುಟ್ಟ ನಾಡಿನ ಅಂಚೆಚೀಟಿಗಳನ್ನು ಕಾಲಕ್ರಮದಲ್ಲಿ ಜೋಡಿಸಿದರೆ ಅದರ ಚರಿತ್ರೆಯೇ ಕಣ್ಣೆದುರು ತೆರೆದುಕೊಳ್ಳುತ್ತದೆ.

ಎರಡನೆಯ ಮಹಾಯುದ್ಧದಲ್ಲಿ, 1940ರ ಜೂನ್ 30ರಂದು, ಜರ್ಮನ್ ಸೇನೆಯು ದ್ವೀಪವನ್ನು ಆಕ್ರಮಿಸಿತು. ಇಂಗ್ಲೆಂಡಿನಿಂದ ಚೀಟಿಗಳು ಬರುವುದು ನಿಂತುಹೋಯಿತು. ಒಂದು ಪೆನ್ನಿಯ ಚೀಟಿಗಳಿಗೆ ಅಭಾವವುಂಟಾದಾಗ, ಎರಡು ಪೆನ್ನಿಯ ಚೀಟಿಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ ಅರ್ಧವನ್ನು ಬಳಸಲು ಅನುಮತಿ ದೊರೆಯಿತು. ಇಂತಹ ಅರ್ಧಚೀಟಿ ದೊರೆತರೆ ಅದನ್ನು ಲಕೋಟೆಯಿಂದ ಬಿಡಿಸಲಾಗದು. ಚೀಟಿಯನ್ನು ಯಾರಾದರೂ ಕತ್ತರಿಸಬಹುದು. ಲಕೋಟೆಯ ಮೇಲಿನ ಅಂಚೆಮುದ್ರೆ, ಅದರ ದಿನಾಂಕ ಇವೇ ಅದರ ನಿಜತನಕ್ಕೆ ಸಾಕ್ಷಿ.

1941ರಲ್ಲಿ ದ್ವೀಪದಲ್ಲಿಯೇ ಹೊಸ ಚೀಟಿಗಳು ಅಚ್ಚಾದವು. ಅವುಗಳ ಮೇಲೆ ಮೂರು ಸಿಂಹಗಳ ಲಾಂಛನವಿತ್ತು. ಅದನ್ನು ಬರೆದ ವಾಡಿನ್ ಎಂಬ ಕಲಾವಿದನು ನಾಲ್ಕು ಮೂಲೆಗಳಲ್ಲಿಯೂ ಅತಿ ಸಣ್ಣದಾಗಿ 'ವಿ' ಎಂಬ ಇಂಗ್ಲಿಷ್ ಅಕ್ಷರವನ್ನು ಅಡಗಿಸಿದನು. ಅದು 'ವಿಕ್ಟರಿ', ಅಂದರೆ ವಿಜಯದ ಸಂಕೇತ! ನೆರೆಯ ಜೆರ್ಸಿ ದ್ವೀಪದಲ್ಲಿ ಎಡ್ಮಂಡ್ ಬ್ಲಾಂಪೀಡ್ ಎಂಬ ಚಿತ್ರಕಾರನು 1943ರ ಮೂರು ಪೆನ್ನಿಯ ಚೀಟಿಯಲ್ಲಿ ಅಂಕಿಯ ಎರಡು ಪಕ್ಕಗಳ ಬಳ್ಳಿಯಂತಹ ಗೆರೆಗಳಲ್ಲಿ ದೊರೆ ಆರನೆಯ ಜಾರ್ಜನನ್ನು ಸೂಚಿಸುವ 'ಜಿ', 'ಆರ್' ಅಕ್ಷರಗಳನ್ನು ಹುದುಗಿಸಿದನು. ಗುಟ್ಟು ಬಯಲಾಗಿದ್ದರೆ ಇವರಿಗೆ ಶಿಕ್ಷೆ ತಪ್ಪುತ್ತಿರಲಿಲ್ಲ. ಬಾಯಿ ತೆರೆದು ನುಡಿಯಲಾಗದ ನಿಷ್ಠೆಯನ್ನು ಅವರ ಲೇಖನಿ ನುಡಿಯಿತು. 1945ರ ಮೇ 9ರಂದು ಎರಡು ದ್ವೀಪಗಳೂ ಬಿಡುಗಡೆ ಹೊಂದಿದವು.

1969ರ ಅಕ್ಟೋಬರ್ 1ರಂದು ಗರ್ನ್ಸಿಯು ತನ್ನದೇ ಅಂಚೆವ್ಯವಸ್ಥೆಯನ್ನು ಪಡೆಯಿತು. ಆಗ ಹೊರಟ ಎರಡು ಚೀಟಿಗಳ ಭೂಪಟದಲ್ಲಿ ಒಂದು ಪ್ರಮಾದ ನುಸುಳಿತ್ತು. ಅಕ್ಷಾಂಶ 49 ಡಿಗ್ರಿ 30 ಮಿನಿಟು ಎಂದಿರಬೇಕಾದ ಕಡೆ 40 ಡಿಗ್ರಿ 30 ಮಿನಿಟು ಎಂದು ಅಚ್ಚಾಗಿತ್ತು. ಒಂದು ಅಂಕಿಯ ತಪ್ಪಿನಿಂದ ದ್ವೀಪವು ಸುಮಾರು 1,000 ಕಿಲೋಮೀಟರು ದಕ್ಷಿಣಕ್ಕೆ ಸರಿದಂತಾಯಿತು! ಅನಂತರದ ಮುದ್ರಣದಲ್ಲಿ ಅದನ್ನು ತಿದ್ದಲಾಯಿತು. ತಪ್ಪಿದ ಚೀಟಿ, ತಿದ್ದಿದ ಚೀಟಿ ಎರಡನ್ನೂ ಸಂಗ್ರಾಹಕರು ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ.

ಚೀಟಿಗಳನ್ನು ರಾಶಿ ಹಾಕುವುದು ಸಂಗ್ರಹವಲ್ಲ. ಪ್ರತಿಯೊಂದನ್ನೂ ಭೂತಗನ್ನಡಿಯಲ್ಲಿ ಪರೀಕ್ಷಿಸಿ, "ಇದು ಏಕೆ ಹೀಗಿದೆ?" ಎಂದು ಕೇಳುವವನೇ ನಿಜವಾದ ಸಂಗ್ರಾಹಕ. ಅಂತಹವನಿಗೆ ಅಂಗುಲದಗಲದ ಕಾಗದವೂ ಒಂದು ನಾಡಿನ ನೋವನ್ನೂ ಧೈರ್ಯವನ್ನೂ ತಿಳಿಸುತ್ತದೆ.

ಅಭ್ಯಾಸ

1. ಅರ್ಧಚೀಟಿಯನ್ನು ಲಕೋಟೆಯಿಂದ ಏಕೆ ಬಿಡಿಸಬಾರದು?
2. ಇಬ್ಬರು ಕಲಾವಿದರು ತಮ್ಮ ನಿಷ್ಠೆಯನ್ನು ವ್ಯಕ್ತಪಡಿಸಿದ ಬಗೆಯನ್ನು ವಿವರಿಸಿರಿ.