ನೀರು ಆಳುವ ಬಯಲು

ಉತ್ತರ ಅಮೆರಿಕದ ವಿಶಾಲವಾದ ಹುಲ್ಲುಬಯಲುಗಳನ್ನು ‘ಪ್ರೇರಿ’ ಎಂದು ಕರೆಯುತ್ತಾರೆ. ಪ್ರೇರಿ ಎಂದೊಡನೆ ಗಾಳಿಗೆ ತೊನೆದಾಡುವ ಒಣಹುಲ್ಲಿನ ಸಮತಟ್ಟಾದ ನೆಲ ಕಣ್ಣಮುಂದೆ ನಿಲ್ಲುತ್ತದೆ. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನಗಳ ಫ್ಲೋರಿಡಾ ರಾಜ್ಯದಲ್ಲಿ, ಗೇನ್ಸ್‌ವಿಲ್ ನಗರದ ದಕ್ಷಿಣಕ್ಕೆ, ನೀರಿನಲ್ಲಿ ಮೀಯುವ ಪ್ರೇರಿಯೊಂದಿದೆ. ಅದೇ ಪೇನ್ಸ್ ಪ್ರೇರಿ. ಸೆಮಿನೋಲ್ ಮೂಲನಿವಾಸಿಗಳ ನಾಯಕನಾಗಿದ್ದ ಪೇನ್ ಎಂಬುವನ ಹೆಸರು ಈ ಬಯಲಿಗೆ ನಿಂತಿದೆ. ಇಲ್ಲಿನ ಸಂರಕ್ಷಿತ ಪ್ರದೇಶದ ವಿಸ್ತೀರ್ಣ 21,000 ಎಕರೆಗೂ ಹೆಚ್ಚು. ಮಳೆ ತುಂಬಿ ಸುರಿದಾಗ ಇದು ಕೆರೆ. ಮಳೆ ಹಿಂದೆಗೆದಾಗ ಹುಲ್ಲು ಚಿಗುರಿದ ಕೆರೆಯಂಗಳ.

ಈ ಬಯಲನ್ನು ವಾಹನದಲ್ಲಿ ಕುಳಿತು ನೋಡಿ ಮುಗಿಸಲಾಗದು, ನಡೆದೇ ನೋಡಬೇಕು. ಅದಕ್ಕಾಗಿ ಇಲ್ಲಿ ಹಲವು ಕಾಲುಹಾದಿಗಳಿವೆ. ಐವತ್ತು ಅಡಿ ಎತ್ತರದ ವೀಕ್ಷಣಾ ಗೋಪುರವನ್ನೇರಿದರೆ ಬಯಲಿನ ಹರಹು ಒಂದೇ ನೋಟಕ್ಕೆ ದಕ್ಕುತ್ತದೆ. ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಉತ್ತರ ದಿಕ್ಕಿನ ಲಾ ಚುವಾ ಹಾದಿ. ಅದರ ಮೊದಲ ಭಾಗದಲ್ಲಿ ಮರದ ಹಲಗೆಗಳನ್ನು ಜೋಡಿಸಿ ಮಾಡಿದ ಸೇತುವೆಯಂತಹ ದಾರಿಯಿದೆ. ಅಲ್ಲಿ ನಿಂತು ಕೆಳಗೆ ನೋಡಿದರೆ ಆಲಿಗೇಟರ್ ಎಂಬ ಜಾತಿಯ ಮೊಸಳೆಗಳು ದಡದಲ್ಲಿ ಬಿಸಿಲು ಕಾಯುತ್ತ, ಕೊರಡುಗಳಂತೆ ನಿಶ್ಚಲವಾಗಿ ಬಿದ್ದಿರುತ್ತವೆ. ಅವುಗಳ ಹತ್ತಿರ ಹೋಗಬಾರದು, ಆಹಾರ ಹಾಕಬಾರದು ಎಂಬುದು ನಡೆಯುವವರೆಲ್ಲರೂ ಪಾಲಿಸಬೇಕಾದ ನಿಯಮ. ಮನುಷ್ಯನ ಕೈಯಿಂದ ತಿಂದ ಮೊಸಳೆ ಮನುಷ್ಯನ ಭಯವನ್ನು ಕಳೆದುಕೊಳ್ಳುತ್ತದೆ. ಅದರಿಂದ ಮನುಷ್ಯನಿಗೂ ಕೇಡು, ಮೊಸಳೆಗೂ ಕೇಡು.

ಚಳಿಗಾಲದಲ್ಲಿ ಈ ಬಯಲಿಗೆ ಬೇರೊಂದು ಶೋಭೆ. ಉತ್ತರದ ಶೀತಪ್ರದೇಶಗಳಿಂದ ಸ್ಯಾಂಡ್‌ಹಿಲ್ ಕ್ರೇನ್ ಎಂಬ ಬೂದುಬಣ್ಣದ ಕ್ರೌಂಚಪಕ್ಷಿಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ಅವುಗಳ ನೆತ್ತಿ ಕೆಂಪು, ಕಾಲುಗಳು ನೀಳ. ಕಹಳೆಯಂತಹ ಕೂಗು ಬಹುದೂರದವರೆಗೆ ಕೇಳಿಸುತ್ತದೆ. ಅದೇ ಜಾತಿಯ ಕೆಲವು ಹಕ್ಕಿಗಳು ವರ್ಷವಿಡೀ ಇಲ್ಲಿಯೇ ನೆಲೆಸಿ ಮರಿಮಾಡುತ್ತವೆ. ಒಟ್ಟು 270ಕ್ಕೂ ಹೆಚ್ಚು ಬಗೆಯ ಪಕ್ಷಿಗಳನ್ನು ಇಲ್ಲಿ ಗುರುತಿಸಲಾಗಿದೆ.

ಲಾ ಚುವಾ ಹಾದಿಯ ಪಕ್ಕದಲ್ಲಿರುವ ಒಂದು ಕೊಳದಲ್ಲಿ ಈ ಬಯಲಿನ ಗುಟ್ಟು ಅಡಗಿದೆ. ಅದರ ಹೆಸರು ಅಲಾಚುವಾ ಸಿಂಕ್. ಈ ನೆಲದ ಅಡಿಯಲ್ಲಿರುವುದು ಸುಣ್ಣಕಲ್ಲು. ಅದು ನೀರಿನಲ್ಲಿ ಮೆಲ್ಲಮೆಲ್ಲನೆ ಕರಗಿ, ಪೊಳ್ಳಾದೆಡೆಯಲ್ಲಿ ನೆಲ ಕುಸಿದು ಈ ತಗ್ಗುಪ್ರದೇಶ ಉಂಟಾಯಿತು. ಬಯಲಿನ ನೀರು ಈ ಸಿಂಕಿನ ಮೂಲಕ ಭೂಗರ್ಭದ ಜಲರಾಶಿಯನ್ನು ಸೇರುತ್ತದೆ. 1774ರಲ್ಲಿ ಸಸ್ಯಶಾಸ್ತ್ರಜ್ಞ ವಿಲಿಯಂ ಬಾರ್ಟ್ರಮ್ ಈ ಬಯಲನ್ನು ಕಂಡು ಬೆರಗಾದನು. ಸೆಮಿನೋಲರು ಅವನಿಗೆ ‘ಹೂಗಳನ್ನು ಅರಸುವವನು’ ಎಂಬ ಅರ್ಥದ ಹೆಸರನ್ನಿಟ್ಟಿದ್ದರು. 1791ರಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥದಿಂದ ಈ ಸ್ಥಳದ ಕೀರ್ತಿ ದೂರದೂರಕ್ಕೆ ಹರಡಿತು.

ಅದಾದ ಎಂಬತ್ತು ವರ್ಷಗಳ ಮೇಲೆ, 1871ರಲ್ಲಿ, ಸಿಂಕಿನ ಬಾಯಿ ಕಟ್ಟಿಹೋಯಿತು. ಇಳಿಯಲು ದಾರಿಯಿಲ್ಲದ ನೀರು ಬಯಲನ್ನೆಲ್ಲ ಆವರಿಸಿತು. ದನಗಳು ಮೇಯುತ್ತಿದ್ದ ನೆಲದ ಮೇಲೆ ಉಗಿಹಡಗುಗಳು ಸಂಚರಿಸಿದವು! ಜನರು ಕೆರೆಯೇ ಶಾಶ್ವತವೆಂದು ನಂಬುವಷ್ಟರಲ್ಲಿ, 1891ರ ವೇಳೆಗೆ ಸಿಂಕಿನ ದಾರಿ ಮತ್ತೆ ತೆರೆಯಿತು, ನೀರು ಬರಿದಾಯಿತು, ಮೀನುಗಳು ಕೆಸರಿನಲ್ಲಿ ಹೊರಳಿ ಸತ್ತವು. ಇಪ್ಪತ್ತು ವರ್ಷಗಳ ಕೆರೆ ಪುನಃ ಬಯಲಾಯಿತು.

ಇಂತಹ ಚಂಚಲ ನೀರನ್ನು ಹದ್ದಿಗೆ ತರಬೇಕೆಂದು ಮನುಷ್ಯನು ಸಂಕಲ್ಪಿಸಿದನು. ಇಪ್ಪತ್ತನೆಯ ಶತಮಾನದಲ್ಲಿ ದನಗಳ ಮೇವಿಗಾಗಿ ಕಾಲುವೆಗಳನ್ನು ತೋಡಿ, ಏರಿಗಳನ್ನು ಕಟ್ಟಿ ಬಯಲನ್ನು ಒಣಗಿಸಲಾಯಿತು. ಹೊಳೆಯ ನೀರು ಬಯಲಿನ ಮೇಲೆ ಹರಡದೆ ಕಾಲುವೆಯಲ್ಲಿ ಹರಿದು ನೇರವಾಗಿ ಸಿಂಕನ್ನು ಸೇರಿತು. ನೀರು ತಪ್ಪಿದ ಕಡೆ ಪೊದೆಗಳು ಹಬ್ಬಿ ಹುಲ್ಲನ್ನು ಒತ್ತರಿಸಿದವು. ನೆರೆ ಬಂದಾಗ ಪೊದೆಗಳು ಸಾಯುತ್ತವೆ; ನೀರು ಇಳಿದಾಗ ಹುಲ್ಲು ಹುಟ್ಟುತ್ತದೆ. ಈ ಎರಡರಲ್ಲಿ ಒಂದು ನಿಂತರೂ ಬಯಲು ಬಯಲಾಗಿ ಉಳಿಯದು.

ಈ ಸತ್ಯವನ್ನರಿತ ರಾಜ್ಯಸರ್ಕಾರವು 1970ರಲ್ಲಿ ಭೂಮಿಯನ್ನು ಕೊಂಡುಕೊಂಡಿತು. 1971ರಲ್ಲಿ ಪೇನ್ಸ್ ಪ್ರೇರಿ ಫ್ಲೋರಿಡಾದ ಮೊದಲ ರಾಜ್ಯ ಸಂರಕ್ಷಿತ ಪ್ರದೇಶವಾಯಿತು. ಹಿಂದೊಮ್ಮೆ ಈ ಸೀಮೆಯಲ್ಲಿ ಅಲೆದಾಡುತ್ತಿದ್ದು ಬಳಿಕ ಕಣ್ಮರೆಯಾಗಿದ್ದ ಬೈಸನ್‌ಗಳನ್ನು 1975ರಲ್ಲಿ ಒಕ್ಲಹೋಮದಿಂದ ತಂದು ಬಿಡಲಾಯಿತು. ಅಡ್ಡಗಟ್ಟಿದ್ದ ನೀರಿಗೆ ಹಳೆಯ ದಾರಿಗಳನ್ನು ಬಿಡಿಸಿಕೊಡುವ ಕಾರ್ಯವೂ ನಡೆಯಿತು. ನಗರದಿಂದ ಹರಿದುಬರುವ ಹೊಳೆಯ ನೀರನ್ನು ಸಸ್ಯಗಳಿಂದಲೇ ಶುದ್ಧಿಗೊಳಿಸಲು ಜೌಗು ಉದ್ಯಾನವೊಂದನ್ನು ನಿರ್ಮಿಸಲಾಯಿತು. ಅದು 2015ರಲ್ಲಿ ಜನರಿಗೆ ತೆರೆಯಿತು. ಅಲ್ಲಿ ಶುದ್ಧವಾದ ನೀರು ಈಗ ಮೊದಲಿನಂತೆ ಬಯಲಿನ ಮೇಲೆ ತೆಳುವಾಗಿ ಹರಡಿ ಸಾಗುತ್ತದೆ. ನೀರನ್ನು ತಡೆಯಲು ಕಟ್ಟಿದ್ದ ಏರಿಯೊಂದು ಇಂದು ಕೋನ್ಸ್ ಡೈಕ್ ಎಂಬ ಕಾಲುಹಾದಿಯಾಗಿದೆ.

ಆದರೂ ಒಂದು ಅಡಚಣೆ ಉಳಿದಿತ್ತು. ನಾಲ್ಕು ಸಾಲು ವಾಹನಗಳು ಓಡುವ 441ನೆಯ ಹೆದ್ದಾರಿ ಬಯಲನ್ನು ಸೀಳಿಕೊಂಡು ಹೋಗುತ್ತದೆ. ನೀರಿನ ಏರಿಳಿತಕ್ಕೆ ತಕ್ಕಂತೆ ಅತ್ತಿತ್ತ ಸರಿಯಬೇಕಾದ ಹಾವು, ಆಮೆ, ಕಪ್ಪೆಗಳು ರಸ್ತೆ ದಾಟುವಾಗ ಚಕ್ರಗಳಡಿಯಲ್ಲಿ ಸಾಯುತ್ತಿದ್ದವು. 1998–99ರ ಹನ್ನೆರಡು ತಿಂಗಳಲ್ಲಿ, ಮರಗಪ್ಪೆಗಳನ್ನು ಬಿಟ್ಟು, ಹೀಗೆ ಸತ್ತ 2,411 ಪ್ರಾಣಿಗಳನ್ನು ವಿಜ್ಞಾನಿಗಳು ಎಣಿಸಿದರು. ಆಗ ರಸ್ತೆಯ ಅಂಚಿನಲ್ಲಿ ಸುಮಾರು ಮೂರೂವರೆ ಅಡಿ ಎತ್ತರದ, ಮೇಲ್ತುದಿ ಹೊರಚಾಚಿದ ಗೋಡೆಯನ್ನು ಕಟ್ಟಿದರು. ರಸ್ತೆಯ ಕೆಳಗೆ ಮೊದಲೇ ಇದ್ದ ನಾಲ್ಕು ಮೋರಿಗಳಿಗೆ ಇನ್ನೂ ನಾಲ್ಕನ್ನು ಸೇರಿಸಿದರು. 2001ರಲ್ಲಿ ಕೆಲಸ ಮುಗಿಯಿತು. ಮುಂದಿನ ಒಂದು ವರ್ಷದಲ್ಲಿ, ಅದೇ ಬಗೆಯಲ್ಲಿ ಎಣಿಸಿದಾಗ, ಸತ್ತ ಪ್ರಾಣಿಗಳು 158 ಮಾತ್ರ. ಬೆರಳ ತುದಿಯ ಅಂಟಿನಿಂದ ಎಂತಹ ಗೋಡೆಯನ್ನಾದರೂ ಏರಬಲ್ಲ ಮರಗಪ್ಪೆಗಳನ್ನು ಮಾತ್ರ ಈ ಉಪಾಯವು ಕಾಯಲಾರದೆ ಹೋಯಿತು.

2017ರ ಇರ್ಮಾ ಚಂಡಮಾರುತದ ಮಳೆಗೆ ಬಯಲು ಮತ್ತೊಮ್ಮೆ ಕೆರೆಯಾಯಿತು. ಅಂತಹ ದಿನಗಳಲ್ಲಿ ನಡೆಯಬಂದವರು ಮುಳುಗಿದ ಹಾದಿಯನ್ನು ಕಂಡು ನಿರಾಶೆಯಿಂದ ಹಿಂದಿರುಗಬೇಕಾಗುತ್ತದೆ. ಆದರೆ ಹಾದಿಯನ್ನು ಮುಳುಗಿಸುವ ಆ ನೀರೇ ಹಕ್ಕಿಗಳನ್ನೂ ಹುಲ್ಲನ್ನೂ ಕರೆತರುವಂಥದು. ಇಲ್ಲಿ ಮನುಷ್ಯನು ಅತಿಥಿ. ಮನೆಯ ಯಜಮಾನನು ಬಾಗಿಲು ತೆರೆದಾಗ ಒಳಗೆ ಹೋಗುವುದು, ಮುಚ್ಚಿದಾಗ ಹೊರಗೆ ಕಾಯುವುದು ಅತಿಥಿಯ ಧರ್ಮ.