ಶಟರ್ ಬಾಗಿಲಿನ ಸೆಕೆಗೆ ಮದ್ದು

ಸಂಜೆ ನಾಲ್ಕೂವರೆಗೆ, ಪಡುವಣಕ್ಕೆ ಮುಖ ಮಾಡಿದ ಕಬ್ಬಿಣದ ಶಟರಿನ ಒಳಮೈಗೆ ಅಂಗೈ ಒತ್ತಿ ನೋಡಿ. ಐದು ಎಣಿಸುವಷ್ಟರಲ್ಲಿ ಕೈ ಹಿಂದೆಗೆಯಬೇಕಾಯಿತೇ? ಹಾಗಾದರೆ ಮುಂದೆ ಓದಿ. ಆರಾಮಾಗಿ ಕೈ ಇಟ್ಟುಕೊಂಡಿರಲು ಆಯಿತೇ? ಹಾಗಾದರೆ ದುಡ್ಡು ಉಳಿಸಿಕೊಳ್ಳಿ. ನಿಮ್ಮ ಮನೆಗೆ ಸೆಕೆ ಇಳಿಯುತ್ತಿರುವುದು ತಾರಸಿಯಿಂದ.

ತಿರುಪ್ಪೂರು ಜಿಲ್ಲೆಯ ಕುನ್ನತ್ತೂರು, ಊತ್ತುಕುಳಿ, ಅವಿನಾಶಿ ಕಡೆ ನೆಲಮಹಡಿಯ ಮುಂಭಾಗಕ್ಕೆ ಶಟರ್ ಹಾಕಿಸಿದ ಮನೆಗಳು ಕಾಣಸಿಗುತ್ತವೆ. ಹೆಸರಿಗೆ ಕಾರ್ ಶೆಡ್. ಕೆಲವು ವರ್ಷ ಕಳೆಯುವಷ್ಟರಲ್ಲಿ ಅಲ್ಲಿ ಬನಿಯನ್ ಜಾಬ್ ವರ್ಕಿನ ಹೊಲಿಗೆ ಯಂತ್ರ ಬಂದು ಕೂತಿರುತ್ತದೆ, ಇಲ್ಲವೇ ಮಗನ ಓದಿನ ಮೇಜು. ಕಾರು ಬೀದಿಗೆ. ಈ ಕೊಂಗು ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿ ಮನೆಯೊಳಗೆ ಕನ್ನಡ ಆಡುವ ದೇವಾಂಗ ನೇಕಾರರಿಗೆ ಕೋಣೆ ತಂಪಾಗಿಡುವುದು ಹೊಸ ಪಾಠವೇನಲ್ಲ. ಹತ್ತಿ ನೂಲು ಒಣಗಿದರೆ ಎಳೆ ಕಡಿಯುತ್ತದೆ; ಅದಕ್ಕೇ ಮಗ್ಗ ಗುಂಡಿಯಲ್ಲಿ, ಸುತ್ತ ದಪ್ಪ ಗೋಡೆ. ಆ ಗೋಡೆಯ ಜಾಗಕ್ಕೆ ಈಗ ಒಂದು ಮಿಲಿಮೀಟರಿನ ಆಸುಪಾಸಿನ ತಗಡು ಬಂದಿದೆ.

ತಗಡು ಎಷ್ಟು ಶಾಖ ಬಿಡುತ್ತದೆ? ಎಂಟಡಿಗೆ ಎಂಟಡಿ ಶಟರ್ ಎಂದರೆ ಸುಮಾರು 6 ಚದರ ಮೀಟರ್. ಗಾಢ ಬಣ್ಣ ಬಳಿದ ಪಡುವಣ ಮುಖದ ಶಟರಿಗೆ ನೇರ ಬಿಸಿಲು ಬಿದ್ದಾಗ ಒಳಗೆ ಬರುವ ಶಾಖ, ನಾನು ಹಾಕಿದ ಒರಟು ಲೆಕ್ಕದಲ್ಲಿ, 800 ವಾಟ್ ಹತ್ತಿರ. ಒಂದು ಟನ್ ಎ.ಸಿ. ಹೊರದಬ್ಬುವುದು 3,500 ವಾಟ್. ಅಂದರೆ ಎ.ಸಿ.ಯ ಕಾಲುಭಾಗದಷ್ಟು ಶಕ್ತಿ ಆ ಹೊತ್ತಿಗೆ ಬಾಗಿಲೊಂದಕ್ಕೇ ಹೋಯಿತು.

ಮೊದಲು ದಿಕ್ಕು ನೋಡಿ

ಕುನ್ನತ್ತೂರು ಇರುವುದು 11 ಡಿಗ್ರಿ ಉತ್ತರ ಅಕ್ಷಾಂಶದ ಸ್ವಲ್ಪ ಮೇಲೆ. ಏಪ್ರಿಲ್ 20 ಮತ್ತು ಆಗಸ್ಟ್ 23ರ ಆಸುಪಾಸಿನಲ್ಲಿ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಹಾಗಾಗಿ ಕಡುಬೇಸಿಗೆಯ ಮಧ್ಯಾಹ್ನ ಕಾಯುವುದು ತಾರಸಿಯೇ ಹೊರತು ಬಾಗಿಲಲ್ಲ. ಪಶ್ಚಿಮದ ಶಟರಿಗೆ ಮೂರು ಗಂಟೆಯ ಮೇಲೆ ಕಾಟ. ಪೂರ್ವದ್ದು ಬೆಳಗ್ಗೆ ಕಾದು ಮಧ್ಯಾಹ್ನಕ್ಕೆ ಆರುತ್ತದೆ. ಉತ್ತರ, ದಕ್ಷಿಣ ಮುಖದವರು ಈ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಬಹುದು.

ಇನ್ನೊಂದು ಮಾತು. ಶೆಡ್ಡಿನಲ್ಲಿ ಬರೀ ಕಾರು ನಿಲ್ಲುತ್ತಿದ್ದು, ಅದಕ್ಕೂ ಮನೆಗೂ ಸಂಬಂಧವಿಲ್ಲದಿದ್ದರೆ ಶಾಖ ತಡೆದು ಒಂದು ಯೂನಿಟ್ಟೂ ಉಳಿಯದು. ಅಲ್ಲಿ ಯಾರಾದರೂ ಕೂತು ಕೆಲಸ ಮಾಡುತ್ತಿದ್ದರೆ, ಪಕ್ಕದ ಅಥವಾ ಮೇಲಿನ ಕೋಣೆಯಲ್ಲಿ ಎ.ಸಿ. ಓಡುತ್ತಿದ್ದರೆ ಮಾತ್ರ ಇದು ಲಾಭದ ಬಾಬತ್ತು.

ಅಳತೆ ಬೇಕೆನ್ನುವವರು ಕೊರೊನಾ ಕಾಲದ ಹಣೆಯ ಥರ್ಮಾಮೀಟರ್ ತೆಗೆಯಬೇಡಿ. ಅದು ಜ್ವರದ ಮಿತಿ ದಾಟಿದರೆ ಲೆಕ್ಕ ಹೇಳುವುದಿಲ್ಲ. ಕಾರ್ಖಾನೆಯಲ್ಲಿ ಬಳಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಕು. ಬಣ್ಣವಿಲ್ಲದ ಹೊಳಪಿನ ತಗಡು ಅದಕ್ಕೂ ಸುಳ್ಳು ಹೇಳುತ್ತದೆ. ವಯರಿಗೆ ಸುತ್ತುವ ಕಪ್ಪು ಟೇಪಿನ ತುಂಡು ಅಂಟಿಸಿ, ಅದರ ಮೇಲೆ ಅಳೆಯಿರಿ.

ಹೊರಗಿನ ಕೆಲಸ

ಶಾಖವನ್ನು ಒಳಗೆ ಬಿಟ್ಟುಕೊಂಡು ತಡೆಯುವುದಕ್ಕಿಂತ ಹೊರಗೇ ನಿಲ್ಲಿಸುವುದು ಸುಲಭ, ಅಗ್ಗ ಕೂಡ. ಶಟರನ್ನು ಉಪ್ಪುಕಾಗದದಲ್ಲಿ ಉಜ್ಜಿ, ತುಕ್ಕು ತೆಗೆದು, ಪ್ರೈಮರ್ ಹೊಡೆದು, ಮೇಲೆ ಬಿಳಿ ಇನಾಮಲ್ ಎರಡು ಕೋಟ್ ಬಳಿಯಿರಿ. ನೀಲಿ, ಕಂದು ಬಣ್ಣ ಬಿಳಿಗೆ ತಿರುಗಿದರೆ ಸಾಕು, ಮೇಲಿನ 800 ವಾಟ್ 300ರ ಹತ್ತಿರಕ್ಕೆ ಇಳಿಯುತ್ತದೆ. ಇಷ್ಟು ಮಾಡಿ ನಿಲ್ಲಿಸಿದರೂ ನಷ್ಟವಿಲ್ಲ. ಬಾಗಿಲ ಮುಂದೆ ಒಂದಡಿ ಜಾಗವಿದ್ದರೆ ಸಂಜೆ ಹೊತ್ತಿಗೆ ಬಿದಿರಿನ ತಟ್ಟಿಯನ್ನೋ ತೆಂಗಿನ ನಾರಿನ ಚಾಪೆಯನ್ನೋ ಇಳಿಬಿಡಿ. ಪೊಳ್ಳಾಚಿ ಹತ್ತಿರವೇ ಇರುವಾಗ ನಾರಿಗೆ ಬರವಿಲ್ಲ. ತಟ್ಟಿಗೂ ತಗಡಿಗೂ ನಡುವೆ ಗಾಳಿ ಆಡಬೇಕು, ಅಂಟಿಕೊಂಡಿರಬಾರದು.

ಸುತ್ತುವ ಶಟರಿಗೆ ಏನನ್ನೂ ಅಂಟಿಸಬೇಡಿ

ಹೆಚ್ಚಿನವರು ಎಡವುವುದು ಇಲ್ಲೇ. ಮೊಬೈಲಿನಲ್ಲಿ ಬರುವ ವಿಡಿಯೊಗಳಲ್ಲಿ ಥರ್ಮೊಕೋಲ್ ಹಲಗೆ ಕತ್ತರಿಸಿ ಬಾಗಿಲಿಗೆ ಕೂರಿಸುತ್ತಾರೆ. ಅದು ಅಮೆರಿಕದ ಗ್ಯಾರೇಜ್ ಬಾಗಿಲು. ನಾಲ್ಕೈದು ದೊಡ್ಡ ಹಲಗೆಗಳಾಗಿ ಮೇಲಕ್ಕೆ ಸರಿದು ಚಾವಣಿಯ ಕೆಳಗೆ ಮಲಗುತ್ತದೆ. ನಮ್ಮದು ಚಾಪೆಯ ಹಾಗೆ ಸುತ್ತಿಕೊಳ್ಳುವ ಪಟ್ಟಿಗಳ ಬಾಗಿಲು. ಅರ್ಧ ಇಂಚಿನ ಹಾಳೆ ಅಂಟಿಸಿದರೂ ಸುರುಳಿ ದಪ್ಪವಾಗಿ ಮೇಲಿನ ಪೆಟ್ಟಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ನಾಲ್ಕು ದಿನದಲ್ಲಿ ಕಿತ್ತು ಬರುತ್ತದೆ. ಭಾರ ಹೆಚ್ಚಿದರೆ ಸ್ಪ್ರಿಂಗಿನ ಸಮತೋಲವೂ ಕೆಡುತ್ತದೆ. ಆ ಸ್ಪ್ರಿಂಗ್ ಸದಾ ಬಿಗಿದುಕೊಂಡೇ ಇರುತ್ತದೆ, ಬಿಚ್ಚಹೋದವರ ಕೈ ಮುರಿಯಬಲ್ಲದು. ಅದಕ್ಕೆ ಶಟರ್ ಮೇಸ್ತ್ರಿಯನ್ನೇ ಕರೆಯಿರಿ.

ನಮಗೆ ಹೊಂದುವುದು ಒಳಗಿನ ಪರದೆ. ಮಾಡುವ ಬಗೆ ಹೀಗೆ:

1. ಎರಡೂ ಕಡೆ ಹೊಳೆಯುವ ಅಲ್ಯುಮಿನಿಯಂ ಫಾಯಿಲ್ ಇರುವ ಗಾಳಿಗುಳ್ಳೆಯ ಹಾಳೆ ತನ್ನಿ. ಶೀಟ್ ಶೆಡ್ ಹಾಕುವವರ ಬಳಿ ಸಿಗುತ್ತದೆ. ಬಾಗಿಲಿಗಿಂತ ಎರಡೂ ಬದಿಗೆ ಅರ್ಧ ಅಡಿ ಹೆಚ್ಚಿರಲಿ.

2. ಅಂಚಿಗೆ ಗಟ್ಟಿ ಕ್ಯಾನ್ವಾಸ್ ಪಟ್ಟಿ ಹೊಲಿಸಿ. ನಡುವೆ ಸೂಜಿ ಆಡಿಸಬೇಡಿ, ಗುಳ್ಳೆ ಒಡೆಯುತ್ತದೆ. ಊರ ತುಂಬ ಹೊಲಿಗೆಯವರಿರುವ ಜಾಗದಲ್ಲಿ ಇದು ಹತ್ತು ನಿಮಿಷದ ಕೆಲಸ.

3. ಶಟರಿನ ಪೆಟ್ಟಿಗೆಗಿಂತ ಕೆಳಗೆ, ಶಟರಿನಿಂದ ಎರಡು ಇಂಚು ಒಳಕ್ಕೆ, ಗೋಡೆಯಿಂದ ಗೋಡೆಗೆ ಪರದೆಯ ಕಂಬಿ ಕೂರಿಸಿ. ಎರಡು ಇಂಚಿನ ಈ ತೆರಪು ತಪ್ಪಬಾರದು. ಫಾಯಿಲ್ ಕೆಲಸ ಮಾಡುವುದು ಶಾಖದ ಕಿರಣವನ್ನು ತಿರುಗಿಸಿ ಕಳಿಸುವುದರಿಂದ. ತಗಡಿಗೆ ತಾಗಿದರೆ ಅದು ಮತ್ತೊಂದು ತಗಡು ಅಷ್ಟೇ.

4. ಎರಡೂ ಬದಿಗೆ ವೆಲ್ಕ್ರೋ ಪಟ್ಟಿ, ಕೆಳಗಂಚಿಗೆ ಮರಳು ತುಂಬಿದ ಬಟ್ಟೆಯ ಕೊಳವೆ. ಬಿಸಿಲು ಇಳಿದ ಮೇಲೆ ಪರದೆ ಸರಿಸಿ ಶಟರ್ ಎತ್ತಿ, ಒಳಗಿನ ಬಿಸಿ ಹೊರಹೋಗಲಿ.

ಇಬ್ಬಾಗಿಲ ಗೇಟಾದರೆ

ಆ್ಯಂಗಲ್ ಚೌಕಟ್ಟಿಗೆ ತಗಡು ಬೆಸೆದ ಎರಡು ರೆಕ್ಕೆಯ ಬಾಗಿಲಿದ್ದವರು ಅದೃಷ್ಟವಂತರು. ಆ್ಯಂಗಲ್‌ಗಳ ನಡುವಿನ ಗುಳಿ ಥರ್ಮೊಕೋಲಿಗೆ ಹೇಳಿ ಮಾಡಿಸಿದ್ದು. ಕಬ್ಬಿಣಕ್ಕೆ ಹೋಲಿಸಿದರೆ ಥರ್ಮೊಕೋಲ್ ಶಾಖ ಹರಿಸುವುದು ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ. ಒಂದು ಇಂಚು ದಪ್ಪ ಸಾಕು. ಬೆಂಕಿ ಹರಡದ ದರ್ಜೆಯದ್ದನ್ನೇ ಕೇಳಿ ತನ್ನಿ. ಮಾಮೂಲಿ ಪ್ಯಾಕಿಂಗ್ ಥರ್ಮೊಕೋಲ್ ಉರಿದು ತೊಟ್ಟಿಕ್ಕುತ್ತದೆ, ಪೆಟ್ರೋಲ್ ಗಾಡಿ ನಿಲ್ಲುವ ಕಡೆ ಅದು ಸಲ್ಲದು. ಇನ್ನು ಅಂಟು. ಚಪ್ಪಲಿಗೆ ಹಾಕುವ ರಬ್ಬರ್ ಸೊಲ್ಯೂಷನ್ ಬಳಿದರೆ ಥರ್ಮೊಕೋಲ್ ಕಣ್ಣೆದುರೇ ಕರಗಿಹೋಗುತ್ತದೆ. ಒಂದು ಹಲಗೆ ಕಳೆದುಕೊಂಡೇ ನಾನು ಕಲಿತದ್ದು. ಅಂಟಿನ ಗೊಡವೆ ಬಿಟ್ಟು ಬಿಗಿಯಾಗಿ ಕತ್ತರಿಸಿ ಕೂರಿಸಿ, ಮೇಲೆ ಸಿಮೆಂಟ್ ಬೋರ್ಡಿನ ತೆಳು ಹಲಗೆ ಇಟ್ಟು ಆ್ಯಂಗಲ್‌ಗೆ ಸ್ಕ್ರೂ ಬಿಗಿಯಿರಿ. ಇಲಿ, ಇರುವೆ ಥರ್ಮೊಕೋಲನ್ನು ಕೊರೆಯದಂತೆಯೂ ಇದು ಕಾಯುತ್ತದೆ. ಭಾರ ಹೆಚ್ಚುವುದರಿಂದ ತಿರುಗಣೆ ಜೋತಿದೆಯೇ ಎಂದು ವೆಲ್ಡಿಂಗ್ ಅಂಗಡಿಯವರಿಂದ ಮೊದಲೇ ನೋಡಿಸಿ.

ಸಂದುಗಳು

ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಗಾಳಿ ಜೂನಿನಿಂದ ಸೆಪ್ಟೆಂಬರ್ ತನಕ ಈ ಸೀಮೆಯನ್ನು ಹಾಯುತ್ತದೆ. ಪಲ್ಲಡಂ, ಉಡುಮಲೈ ಸುತ್ತ ಗಾಳಿಯಂತ್ರಗಳು ನಿಂತಿರುವುದು ಅದನ್ನು ನಂಬಿಯೇ. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂಬ ಗಾದೆ ತಮಿಳರಲ್ಲಿದೆ. ಕಲ್ಲು ಹಾರದಿದ್ದರೂ ಕೆಮ್ಮಣ್ಣಿನ ಧೂಳು ಹೊಲಿದಿಟ್ಟ ಬಿಳಿ ಬನಿಯನ್ ಮೇಲೆ ಕೂರುವುದಂತೂ ಖಂಡಿತ. ಹಗಲಲ್ಲಿ ಶಟರ್ ಮುಚ್ಚಿ ದೀಪ ಆರಿಸಿ ನೋಡಿ, ಬೆಳಕು ಇಣುಕಿದ ಕಡೆಯೆಲ್ಲ ಗಾಳಿ ಬರುತ್ತದೆ. ಕೆಳಗಂಚಿಗೆ ಹಳೆಯ ಸೈಕಲ್ ಟ್ಯೂಬ್ ಸೀಳಿ ಪಟ್ಟಿ ಮಾಡಿ ರಿವೆಟ್ ಹೊಡೆಸಿ, ಬದಿಯ ಚಾನೆಲ್ಲಿಗೆ ಬ್ರಷ್ ಪಟ್ಟಿ ಹಾಕಿಸಿ. ದೊಡ್ಡ ಸಂದು ಇರುವುದು ತಲೆಯ ಮೇಲೆ, ಸುರುಳಿ ಕೂರುವಲ್ಲಿ. ಅದಕ್ಕೆ ತಗಡಿನ ಮುಚ್ಚಳ ಮಾಡಿಸಿ.

ಆದರೆ ಗವಾಕ್ಷಿ ಮುಚ್ಚಬೇಡಿ. ಸ್ಕೂಟರ್, ಕಾರು ನಿಲ್ಲುವ ಕೋಣೆಯಾದರೆ ಗೋಡೆಯ ಬುಡದಲ್ಲೂ ಒಂದು ಜಾಲರಿ ಕಿಂಡಿ ಬೇಕು, ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಶಟರ್ ಇಳಿಸಿ ಎಂಜಿನ್ ಓಡಿಸುವುದು ಎಂದೂ ಕೂಡದು.

ಎಷ್ಟು ಉಳಿಯಿತು?

ತಮಿಳುನಾಡಿನಲ್ಲಿ ಬಿಲ್ಲು ಎರಡು ತಿಂಗಳಿಗೊಮ್ಮೆ. 2016ರಿಂದ ಮನೆಗಳಿಗೆ ಮೊದಲ 100 ಯೂನಿಟ್ ಉಚಿತ. ಬಳಕೆ 500 ದಾಟಿತೆಂದರೆ ಕೆಳಗಿನ ಯೂನಿಟ್‌ಗಳ ಅಗ್ಗದ ದರವೂ ಕೈತಪ್ಪುತ್ತದೆ. ಹಾಗಾಗಿ 520 ಬರುತ್ತಿದ್ದ ಮನೆಗೆ 30 ಯೂನಿಟ್ ಇಳಿದರೆ ಅದು ಬರೀ 30 ಯೂನಿಟ್ಟಿನ ಉಳಿತಾಯವಲ್ಲ. ಸೆಕೆ ತಗ್ಗಿದ ಕೋಣೆಯಲ್ಲಿ ಎ.ಸಿ.ಯನ್ನು ಒಂದು ಡಿಗ್ರಿ ಏರಿಸಿದರೂ ವಿದ್ಯುತ್ ಶೇ 6ರಷ್ಟು ಉಳಿಯುತ್ತದೆ ಎಂಬುದು ಕೇಂದ್ರದ ಇಂಧನ ದಕ್ಷತಾ ಬ್ಯೂರೊ ಹೇಳುವ ಲೆಕ್ಕ. ಏಪ್ರಿಲ್-ಮೇ ಬಿಲ್ಲನ್ನು ಜೂನ್-ಜುಲೈ ಬಿಲ್ಲಿಗೆ ಹೋಲಿಸಿ ಹಿಗ್ಗಬೇಡಿ, ಆ ಇಳಿಕೆ ಗಾಳಿ ಕೊಟ್ಟದ್ದು. ಹಿಂದಿನ ವರ್ಷದ ಅದೇ ತಿಂಗಳ ಬಿಲ್ಲು ತೆಗೆದು ನೋಡಿ.

ಆಡಿ ಗಾಳಿ ಮುಗಿದ ಮೇಲೆ ಪರದೆಯ ಫಾಯಿಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಧೂಳು ಕೂತ ಫಾಯಿಲ್ ಶಾಖವನ್ನು ತಿರುಗಿಸುವುದಿಲ್ಲ.